ಸಲೂನ್‌ಗೆ ವಿಮೆ ಮಾಡಿಸುವ ಮುಂಚೆ

ಸಲೂನ್ ಇಟ್ಟಿರುವ ಅಣ್ಣ ತಮ್ಮಂದಿರೇ, ಕಂತು ಎಷ್ಟು ಅಂತ ಮಾತ್ರ ಕೇಳಬೇಡಿ. ಬಾಡಿಗೆ ಅಂಗಡಿಯಾದರೆ ಕಟ್ಟಡದ ವಿಮೆ ಮಾಲೀಕರದು. ನಿಮ್ಮದು ಒಳಗಿನ ಕುರ್ಚಿ, ಕನ್ನಡಿ, ಟ್ರಿಮ್ಮರ್, ಇನ್ವರ್ಟರ್. ಇವುಗಳ ಇವತ್ತಿನ ಬೆಲೆ ಬರೆದು ಕೂಡಿಸಿ, ಸುಮ್ನೆ ತೀರಾ ಕಡಿಮೆ ತೋರಿಸಿದರೆ ಪರಿಹಾರದಲ್ಲೂ ಅದೇ ಲೆಕ್ಕಕ್ಕೆ ಕಡಿತ ಆಗುತ್ತದೆ. 5 ಕೋಟಿ ರೂಪಾಯಿವರೆಗಿನ ಆಸ್ತಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿ 2021ರಿಂದ ಇದೆ, ಬೆಂಕಿ, ಪ್ರವಾಹ, ಬಿರುಗಾಳಿ ಎಲ್ಲ ಸೇರುತ್ತದೆ. ಆದರೆ ರಾತ್ರಿ ಶಟರ್ ಮುರಿದು ಕದ್ದರೆ ಅದರಲ್ಲಿ ಸಿಗಲ್ಲ, ಕಳ್ಳತನಕ್ಕೆ ಬೇರೆಯೇ ಮಾಡಿಸಬೇಕು.

ಇನ್ನು ಗಿರಾಕಿ ಕಿವಿಗೆ ಕತ್ತರಿ ತಾಗಿತು, ಡೈ ಹಚ್ಚಿ ಚರ್ಮ ಉರಿದು ಬೊಬ್ಬೆ ಬಂತು ಅಂದುಕೊಳ್ಳಿ. ಪಬ್ಲಿಕ್ ಲಯಬಿಲಿಟಿ, ಅಂದರೆ ಗಿರಾಕಿಯಂಥ ಹೊರಗಿನವರಿಗೆ ಆದ ಹಾನಿಗೆ ನೀವು ಕೊಡಬೇಕಾದ ಪರಿಹಾರದ ವಿಮೆಯಲ್ಲಿ, ಅಂಗಡಿಯಲ್ಲಿ ಜಾರಿ ಬಿದ್ದದ್ದು ಮಾತ್ರವಾ, ಕೆಲಸದಲ್ಲಿ ಆದ ಗಾಯವೂ ಸೇರುತ್ತದಾ ಅಂತ ಏಜೆಂಟರ ಹತ್ತಿರ ಬರೆಸಿಕೊಳ್ಳಿ. ಬಿಲ್‌ಗಳ ಫೋಟೊ ಫೋನಿನಲ್ಲಿರಲಿ, ಅಂಗಡಿ ಡ್ರಾಯರ್‌ನಲ್ಲಿ ಇಟ್ಟರೆ ಅವೂ ಸುಟ್ಟು ಹೋಗುತ್ತವೆ ಅಲ್ವಾ.