ಮೊದಲು ಆಕಾರ, ಆಮೇಲೆ ಕಸ್ಟಮ್ ಕಂಟೆಂಟ್: ನಾನು ಥೀಮ್ ಪಾರ್ಕ್ ಕಟ್ಟುವ ಕ್ರಮ

ಥೀಮ್ ಪಾರ್ಕ್ ಗೇಮ್‌ನಲ್ಲಿ ಯಾರಾದರೂ ಕಣ್ಣು ಕೀಳಲಾಗದಂಥ ಪಾರ್ಕ್ ಕಟ್ಟಿ ತೋರಿಸಿದರೆ ಒಂದು ಮಾತು ಬಂದೇ ಬರುತ್ತದೆ: "ಇದೆಲ್ಲ ಕಸ್ಟಮ್ ಕಂಟೆಂಟ್ ಅಲ್ವಾ, ಇದರಲ್ಲಿ ನಿಮ್ಮ ಕೈಚಳಕ ಏನು ಬಂತು?" ಕಸ್ಟಮ್ ಅಂದರೆ ಆಟಗಾರರೇ ಮಾಡಿ ಹೊರಗಿನಿಂದ ಗೇಮ್‌ಗೆ ಸೇರಿಸುವ ಸಾಮಾನು. ಅದನ್ನು ಬಳಸುವವರ ಉತ್ತರವೂ ಸಿದ್ಧವಿರುತ್ತದೆ: ಗೇಮ್ ಕೊಟ್ಟಷ್ಟರಲ್ಲೇ ಏನು ತಾನೇ ಕಟ್ಟೋದು? ರೋಲರ್‌ಕೋಸ್ಟರ್ ಟೈಕೂನ್ 2ರಿಂದ ಪ್ಲಾನೆಟ್ ಕೋಸ್ಟರ್‌ವರೆಗೆ ನಾನು ಎರಡೂ ಬಗೆಯಲ್ಲಿ ಕಟ್ಟಿದ್ದೇನೆ. ಈಗ ನನ್ನದೊಂದು ಕ್ರಮ ಗಟ್ಟಿಯಾಗಿದೆ. ಕಸ್ಟಮ್ ಆಬ್ಜೆಕ್ಟ್ ಬೇಡವೆನ್ನುವುದಿಲ್ಲ, ಆದರೆ ಗೇಮ್‌ನದೇ ಸಾಮಾನಿನಲ್ಲಿ ಕಟ್ಟಡದ ಆಕಾರ ಎದ್ದು ನಿಲ್ಲುವ ತನಕ ಅದನ್ನು ಮುಟ್ಟುವುದಿಲ್ಲ.

ಈ ಕ್ರಮ ಕಲಿಸಿದ್ದು ರೋಲರ್‌ಕೋಸ್ಟರ್ ಟೈಕೂನ್ 2. 2002ರಲ್ಲಿ ಬಂದ ಈ ಗೇಮ್‌ನಲ್ಲಿ ಪ್ರತಿ ಗೋಡೆ, ಗಿಡ, ಚಾವಣಿಯೂ ಒಂದೊಂದು ಬೇರೆ ಫೈಲ್, ಅದಕ್ಕೆ ಡ್ಯಾಟ್ ಫೈಲ್ ಅನ್ನುತ್ತಾರೆ. ಹಾಗಾಗಿ ಆಟಗಾರರೇ ಹೊಸ ಆಬ್ಜೆಕ್ಟ್ ಮಾಡಿ ಸೇರಿಸತೊಡಗಿದರು. ಆದರೆ ಒಂದು ಪಾರ್ಕ್‌ಗೆ ಮಿತಿಯಿತ್ತು: ಗಿಡ, ಕಲ್ಲಿನಂಥ ಸಣ್ಣ ಸೀನರಿ 252 ಬಗೆ, ದೊಡ್ಡದು 128, ಗೋಡೆ 128. ಸಾವಿರಾರು ಆಬ್ಜೆಕ್ಟ್ ಇಳಿಸಿಕೊಂಡರೂ ಪಾರ್ಕ್ ಶುರು ಮಾಡುವಾಗ ಆ ಪಟ್ಟಿಯೆದುರು ಕೂತು ಇದು ಬೇಕು, ಇದು ಬೇಡ ಎಂದು ಆರಿಸಲೇಬೇಕಿತ್ತು. ಮುಂದೆ ಅಭಿಮಾನಿಗಳೇ ಮತ್ತೆ ಬರೆದ ಆವೃತ್ತಿ ಓಪನ್‌ಆರ್‌ಸಿಟಿ2 ಬಂದು ಮಿತಿಗಳನ್ನು ಸಡಿಲಿಸಿತು. ನಾನು ಮಾತ್ರ ಇವತ್ತಿಗೂ ಪಟ್ಟಿಯನ್ನು ಚಿಕ್ಕದಾಗಿಯೇ ಇಡುತ್ತೇನೆ. ಕಡಿಮೆ ಬಗೆಯ ಗೋಡೆಗಳಿದ್ದಾಗ ಕಟ್ಟಡಗಳು ತಾವಾಗಿಯೇ ಒಂದೇ ಬೀದಿಯವು ಅನ್ನಿಸುತ್ತವೆ.

ಒಂದು ಬಾಲ್ಕನಿಯನ್ನೇ ತೆಗೆದುಕೊಳ್ಳಿ. ಆ ಗೇಮ್‌ನಲ್ಲಿ ಟೈಲ್‌ನ, ಅಂದರೆ ನೆಲದ ಒಂದು ಚೌಕದ, ಒಂದು ಅಂಚಿಗೆ, ಒಂದು ಎತ್ತರದಲ್ಲಿ, ಒಂದೇ ಗೋಡೆ ಕೂರುತ್ತದೆ. ಹೀಗಾಗಿ ಗೋಡೆಗೆ ಅಂಟಿಸಿದಂತೆ ಬಾಲ್ಕನಿ ಬರುವುದಿಲ್ಲ, ಪಕ್ಕದ ಟೈಲ್‌ಗೆ ಹೋಗಬೇಕು. ಶಿಫ್ಟ್ ಒತ್ತಿ ಹಿಡಿದು ಮೌಸ್ ಮೇಲಕ್ಕೆಳೆದರೆ ವಸ್ತು ಗಾಳಿಯಲ್ಲಿ ಏರುತ್ತದೆ. ಕಂಟ್ರೋಲ್ ಒತ್ತಿದರೆ ಈಗಾಗಲೇ ಇರುವ ಇನ್ನೊಂದರ ಎತ್ತರವನ್ನೇ ಹಿಡಿಯುತ್ತದೆ. ಕಾಲು ಟೈಲ್ ಗಾತ್ರದ ನಾಲ್ಕು ಬ್ಲಾಕ್‌ಗಳನ್ನು ಎರಡನೇ ಮಹಡಿಯ ಮಟ್ಟಕ್ಕೆ ಏರಿಸಿ ಗೋಡೆಗೆ ತಾಗಿಸುತ್ತೇನೆ, ಅದೇ ಬಾಲ್ಕನಿಯ ನೆಲ. ಅದರ ಮೇಲೊಂದು ಸಾದಾ ಬೇಲಿ, ಕಿಟಕಿಯ ಚೌಕಟ್ಟಿನದೇ ಬಣ್ಣದಲ್ಲಿ. ಬೇಲಿ ನಿಲ್ಲುವುದು ಟೈಲ್‌ನ ಅಂಚಿನಲ್ಲಿ, ಅದಕ್ಕೇ ನಾಲ್ಕೂ ಮೂಲೆಯಲ್ಲಿ ಬ್ಲಾಕ್ ಕೂತಿರಬೇಕು. ಒಂದು ಮೂಲೆ ತಪ್ಪಿದರೂ ಕಂಬಿ ನೆಲ ಬಿಟ್ಟು ತೇಲುತ್ತದೆ. ಇದೇ ಜಾಗಕ್ಕೆ ಸಿದ್ಧ ಬಾಲ್ಕನಿಯ ಆಬ್ಜೆಕ್ಟ್ ಸಿಗುತ್ತದೆ, ನಿಜ. ಆದರೆ ಹೀಗೆ ಕೈಯಾರೆ ಜೋಡಿಸಿದವರಿಗೆ ಅದನ್ನು ಎಷ್ಟು ಎತ್ತರಕ್ಕೆ, ಯಾವ ಕಿಟಕಿಯ ಮುಂದೆ ಇಡಬೇಕು ಅನ್ನುವುದು ಗೊತ್ತಿರುತ್ತದೆ.

ರೈಡಿನ ಹಳಿಯನ್ನೇ ಕಟ್ಟಡದ ಭಾಗವಾಗಿಸುವ ಟ್ರ್ಯಾಕಿಟೆಕ್ಚರ್ ನನಗೆ ಇವತ್ತಿಗೂ ಅಚ್ಚುಮೆಚ್ಚು. ಮರದ ಕೋಸ್ಟರ್‌ನ ಟ್ರ್ಯಾಕನ್ನು ಚಾವಣಿಯೊಳಗೆ ಅಡಗಿಸಿ, ಅದರ ಆಧಾರದ ಮರದ ಜಾಲರಿ ಮಾತ್ರ ಕಾಣುವಂತೆ ಬಿಟ್ಟರೆ ಹಳೇ ಗಣಿಯ ಶೆಡ್ಡು ಸಿದ್ಧ. ಹೊರಗಿನ ಒಂದು ಫೈಲೂ ಬೇಕಿಲ್ಲ.

ಇನ್ನೊಂದು ಪಕ್ಕದ ಮಾತೂ ಹೇಳಬೇಕು. ಕಸ್ಟಮ್ ಆಬ್ಜೆಕ್ಟ್ ಮಾಡುವುದೇ ಒಂದು ದೊಡ್ಡ ಕಸುಬು. ಟೈಕೂನ್ 2ರಲ್ಲಿ ಕ್ಯಾಮೆರಾ ನಾಲ್ಕು ಕಡೆಗೆ ತಿರುಗುತ್ತದೆ. ಹಾಗಾಗಿ ಎಲ್ಲ ಕಡೆಯಿಂದಲೂ ಬೇರೆ ಬೇರೆಯಾಗಿ ಕಾಣುವ ವಸ್ತುವಿಗೆ ನಾಲ್ಕು ಚಿತ್ರ ಬೇಕು, ಅದೂ 256 ಬಣ್ಣಗಳೊಳಗೆ. ಪ್ಲಾನೆಟ್ ಕೋಸ್ಟರ್ 2016ರಲ್ಲಿ ಬಂದಾಗ ಹೊರಗಿನ ಮಾಡೆಲ್ ತರುವ ದಾರಿ ಇರಲಿಲ್ಲ. ಅದಕ್ಕೆ ದಾರಿ ಮಾಡಿಕೊಟ್ಟ ಥೀಮ್ ಮೇಕರ್ಸ್ ಟೂಲ್‌ಕಿಟ್ 2018ರಲ್ಲಿ ಬಂತು. ಗುಮ್ಮಟದಂತೆ ಎರಡು ದಿಕ್ಕಿಗೂ ಬಾಗಿದ ಗಾಜಿನ ಚಾವಣಿಯೊಂದು ಬೇಕಾಗಿ ನಾನೂ ಅದಕ್ಕೆ ಕೈ ಹಾಕಿದೆ. ಚಪ್ಪಟೆ ಗಾಜಿನ ತುಂಡುಗಳನ್ನು ಒಂದರೊಳಗೊಂದು ಹೂತಿಟ್ಟರೆ ದೂರದಿಂದ ಚೆನ್ನಾಗಿಯೇ ಕಾಣುತ್ತದೆ, ಹತ್ತಿರ ಹೋದರೆ ಕೀಲುಗಳು ಎದ್ದು ಕಾಣುತ್ತವೆ. 3ಡಿ ಮಾಡೆಲ್ ಮಾಡುವ ಬ್ಲೆಂಡರ್ ತಂತ್ರಾಂಶದಲ್ಲಿ ಆಕಾರ ಬಂದದ್ದು ಬೇಗ. ಬೆವರು ಇಳಿಸಿದ್ದು ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್‌ಚರ್‌ಗಳು, ಬಣ್ಣ ಬದಲಿಸಲು ಬಿಡುವ ಭಾಗಗಳು, ದೂರ ಹೋದಂತೆ ಹಗುರವಾಗುವ ಮಾಡೆಲ್‌ನ ಪ್ರತಿಗಳು. ಇದನ್ನೆಲ್ಲ ಮಾಡಿದವರ ಕೆಲಸವನ್ನು "ಅಡ್ಡದಾರಿ" ಎಂದು ಹೀಗಳೆಯುವುದು ನ್ಯಾಯವಲ್ಲ.

ಇಳಿಸಿಕೊಂಡು ಬಳಸುವವರ ಕೌಶಲ ಕಾಣುವುದು ಬೇರೆ ಕಡೆ. ನಾಲ್ಕು ಜನ ಮಾಡಿದ ಇಟ್ಟಿಗೆ ಗೋಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರ ಇಟ್ಟಿಗೆ ಅಂಗೈ ಅಗಲ, ಇನ್ನೊಂದರದು ಮೊಳದುದ್ದ. ಒಂದರಲ್ಲಿ ಗಾರೆಯ ಗೆರೆ ಕೂಡ ಸ್ಪಷ್ಟ, ಇನ್ನೊಂದು ಮಸುಕು. ಒಂದೊಂದೂ ಚೆಂದವೇ, ಜೊತೆಯಾದರೆ ಬೇರೆ ಬೇರೆ ಮದುವೆಯ ದಿಬ್ಬಣಗಳು ಒಂದೇ ಚಪ್ಪರದಲ್ಲಿ ಕೂತಂತೆ. ನಾನು ಮೊದಲು ಗೇಮ್‌ನದೇ ಒಂದು ಇಟ್ಟಿಗೆ ಗೋಡೆಯನ್ನು ಅಳತೆಗೆ ನಿಲ್ಲಿಸಿಕೊಂಡು, ಅದರ ಪಕ್ಕ ಒಪ್ಪದ ಆಬ್ಜೆಕ್ಟನ್ನು ಎಷ್ಟೇ ಚೆಂದವಿದ್ದರೂ ಬಿಡುತ್ತೇನೆ. ಆಮೇಲೆ, ಪ್ಲಾನೆಟ್ ಕೋಸ್ಟರ್ ಆದರೆ, ಕ್ಯಾಮೆರಾವನ್ನು ಪಾರ್ಕ್‌ಗೆ ಬಂದ ಜನರ ಕಣ್ಣೆತ್ತರಕ್ಕೆ ಇಳಿಸಿ ದಾರಿಯುದ್ದಕ್ಕೂ ನಡೆಯುತ್ತೇನೆ. ಮೇಲಿನಿಂದ ಕಾಣದ ಹೊಂದಾಣಿಕೆಯ ತಪ್ಪು ಇಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಪಾರ್ಕ್‌ನ ಇನ್ನೊಂದು ಪ್ರತಿ ಉಳಿಸಿಕೊಂಡು ಅದರಲ್ಲಿ ಕಸ್ಟಮ್ ತುಂಡುಗಳನ್ನೆಲ್ಲ ಅಳಿಸಿಬಿಡುತ್ತೇನೆ. ಆಗಲೂ ಗೋಪುರ ಗೋಪುರದಂತೆ, ಚೌಕ ಚೌಕದಂತೆ ಕಂಡರೆ ಮುಂದುವರಿಯುತ್ತೇನೆ. ಇಲ್ಲವಾದರೆ ಮತ್ತೆ ಗೋಡೆಗಳಿಗೇ ವಾಪಸ್.

ಕೋಸ್ಟರ್ ವಿಷಯದಲ್ಲಂತೂ ವಾದಕ್ಕೆ ಜಾಗವೇ ಇಲ್ಲ. ಟೈಕೂನ್ 2ರಲ್ಲಿ ಪಕ್ಕಕ್ಕೆ ತಳ್ಳುವ ಜಿ ಬಲ 2.8 ದಾಟಿದರೆ ಗೇಮ್ ರೈಡಿಗೆ ಕೊಡುವ ತೀವ್ರತೆಯ ಅಂಕ ಏಕ್‌ದಂ ಏರುತ್ತದೆ, 3.1 ದಾಟಿದರೆ ರೋಮಾಂಚನದ ಅಂಕವೂ ಕುಸಿಯುತ್ತದೆ. ತಿರುವನ್ನು ಓರೆಯಾಗಿಸಬೇಕು, ಅಗಲಿಸಬೇಕು, ಇಲ್ಲವೇ ಅಲ್ಲಿಗೆ ಬರುವ ವೇಗ ತಗ್ಗಿಸಬೇಕು. ಎಂಥ ಚೆಂದದ ರೈಲನ್ನು ಹೊರಗಿನಿಂದ ತಂದು ಹಾಕಿದರೂ ಆ ತಿರುವು ಹಾಗೇ ಇರುತ್ತದೆ. ಬೇರೆಯವರ ಬ್ಲೂಪ್ರಿಂಟ್, ಅಂದರೆ ಕಟ್ಟಿ ಉಳಿಸಿದ ಸಿದ್ಧ ವಿನ್ಯಾಸ, ಇಳಿಸಿಕೊಂಡರೆ ಒಳ್ಳೆಯ ತಿರುವು ಸಿಗಬಹುದು, ಆದರೆ ಅದು ನಿಮ್ಮ ಗುಡ್ಡಕ್ಕೆ ಹೊಂದುವಂತೆ ಬಂದಿರುವುದಿಲ್ಲ. ನಾನು ಬ್ಲೂಪ್ರಿಂಟ್ ಇಳಿಸುವುದು ಬಿಚ್ಚಿ ನೋಡುವುದಕ್ಕೆ, ಒಂದೊಂದೇ ತುಂಡು ತೆಗೆದು ಅವರು ಇಳಿಜಾರಿನಿಂದ ತಿರುವಿಗೆ ಹೇಗೆ ಹೊರಳಿದರು ಅಂತ ತಿಳಿಯುವುದಕ್ಕೆ.

ಪಾರ್ಕ್ ಹಂಚುವಾಗ ಎರಡು ಕೆಲಸ ಮರೆಯಬೇಡಿ. ಟೈಕೂನ್ 2 ಆದರೆ ಆಬ್ಜೆಕ್ಟ್‌ಗಳನ್ನೂ ಸೇವ್ ಫೈಲ್‌ನೊಳಗೇ ಸೇರಿಸುವ ಆಯ್ಕೆಯನ್ನು ಆನ್ ಮಾಡಿ. ಮೂಲ ಗೇಮ್‌ನಲ್ಲಿ ಒಂದು ಡ್ಯಾಟ್ ಇಲ್ಲದಿದ್ದರೂ ಪಾರ್ಕ್ ತೆರೆಯುವುದಿಲ್ಲ. ಮತ್ತೆ ಯಾವ ಗೇಮ್ ಆದರೂ ಸರಿ, ಆಬ್ಜೆಕ್ಟ್ ಮಾಡಿದವರ ಹೆಸರನ್ನು ಪಾರ್ಕ್‌ನ ವಿವರಣೆಯಲ್ಲಿ ಹಾಕಿ. ನಾನು ಅದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಯಾವ ಕಟ್ಟಡದಲ್ಲಿ ಯಾರದ್ದು ಎಂಬುದರ ಸಮೇತ.