ಹಳೆಯ ಕಾವ್ಯ ಓದಲು ಹೊರಟವರಿಗೆ ಒಂದು ಸಲಹೆ

ಬನವಾಸಿಯನ್ನು ಮನಸಾರೆ ನೆನೆದ ಪಂಪನ ಭಾರತ, ಅಂದರೆ 941ರ ವಿಕ್ರಮಾರ್ಜುನ ವಿಜಯ, ಶಿರಸಿಯವರಾದ ನಮಗೆ ಆಪ್ತವೆನಿಸುವುದು ಸಹಜವಾದರೂ, ಮೊದಲ ಓದಿಗೆ ಅದನ್ನು ಹಿಡಿಯಬೇಡಿ. ಹಾಗೆ ಹಿಡಿದು ಹತ್ತನೆಯ ಪುಟಕ್ಕೇ ಸೋತವನು ನಾನು. ನಡುಗನ್ನಡದ ಕುಮಾರವ್ಯಾಸ ಭಾರತದಿಂದ ಆರಂಭಿಸುವುದು ಲೇಸು.

ಅದನ್ನು ಮನಸ್ಸಿನಲ್ಲಿ ಓದದೆ, ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೆ ಒಂದು ಬರುವುದರಿಂದ, ಎರಡು ದಿನದಲ್ಲಿ ಕಿವಿಯೇ ದಾರಿ ತೋರಿಸುತ್ತದೆ. ಸಾಲು ಮುಗಿದಲ್ಲಿ ಪದವೂ ಮುಗಿಯಿತೆಂದು ಮಾತ್ರ ತಿಳಿಯಬಾರದು. ಮೊದಲ ಪದ್ಯದಲ್ಲೇ 'ರಾಜೀವ' ಎಂಬ ಪದದ 'ರಾ' ಒಂದು ಸಾಲಿನ ತುದಿಯಲ್ಲಿಯೂ 'ಜೀವ' ಮುಂದಿನ ಸಾಲಿನ ಮೊದಲಲ್ಲಿಯೂ ಇದೆ. ಪೆನ್ಸಿಲ್ಲಿನಿಂದ ಎರಡನ್ನೂ ಕೂಡಿಸಿಕೊಂಡರೆ ಅರ್ಧ ತೊಡಕು ಅಲ್ಲೇ ಬಿಡುತ್ತದೆ.

ಆದಿಪರ್ವದಿಂದಲೇ ಓದಬೇಕೆಂಬ ಹಟವೂ ಬೇಡ. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯ ತಿಳಿಸುವ ಭಾಗವನ್ನು ಮೊದಲು ತೆರೆಯಿರಿ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಪ್ರಸಂಗ ಗೊತ್ತಿರುವುದರಿಂದ ನಿಘಂಟಿನ ಅಗತ್ಯ ಕಡಿಮೆ. ಒಡಹುಟ್ಟಿದವರು ಒಂದು ಕಡೆ, ಅನ್ನವಿಟ್ಟವನು ಇನ್ನೊಂದು ಕಡೆ ಎಂಬ ಆ ಸಂಕಟವನ್ನು, ಮನೆ ಪಾಲಾಗುವಾಗ ನಡುವೆ ನಿಂತ ಯಾರಿಗೂ ವಿವರಿಸಬೇಕಾಗಿಲ್ಲ. ದಿನಕ್ಕೆ ಐದು ಪದ್ಯ ಸಾಕು. ಗದ್ಯಾನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ, ಆದರೆ ಪದ್ಯವನ್ನು ಎರಡು ಸಲ ಓದಿದ ನಂತರವೇ ಅದನ್ನು ತೆರೆಯಿರಿ.