ತುವಾಲುಗೆ ಹೋಗುವವರು ನೋಟು ಚಿಲ್ಲರೆ ಮಾಡಿಕೊಳ್ಳಿ, ರಜೆ ಎರಡು ದಿನ ಜಾಸ್ತಿ ಹಾಕಿ

ಮಾಲ್ಡೀವ್ಸ್, ಬಾಲಿ ಎಲ್ಲ ನಮ್ಮ ಊರಿನವರು ಸುತ್ತಿ ಮುಗಿಸಿದ್ದಾರೆ. ಈಗ ಕೆಲವರು ಕೇಳುತ್ತಿರುವುದು ಪೆಸಿಫಿಕ್ ಸಾಗರದ ತುವಾಲು ದೇಶದ ಬಗ್ಗೆ. ಫಿಜಿಯಿಂದ ಉತ್ತರಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರ, ಒಂಬತ್ತು ಪುಟ್ಟ ದ್ವೀಪಗಳು, ಎಲ್ಲ ಸೇರಿಸಿದರೂ 26 ಚದರ ಕಿಲೋಮೀಟರ್ ನೆಲ. ಜನ ಹನ್ನೊಂದು ಸಾವಿರದ ಆಸುಪಾಸು. ಹೋಗಬಹುದಾ? ಖಂಡಿತ ಹೋಗಬಹುದು. ಆದರೆ ಪ್ಯಾಕೇಜ್ ಟೂರ್ ಲೆಕ್ಕದಲ್ಲಿ ಹೊರಟರೆ ಆಗುವುದಿಲ್ಲ. ಅಲ್ಲಿ ಎಲ್ಲವೂ ವಿಮಾನ ಬಂದರೆ ಬಂತು, ಹಡಗು ಬಂದರೆ ಬಂತು ಅನ್ನುವ ಲೆಕ್ಕದಲ್ಲೇ ನಡೆಯುತ್ತದೆ.

ಮೊದಲು ದಾರಿ. ಮಂಗಳೂರಿನ ಬಜಪೆಯಿಂದ ಬೆಂಗಳೂರು, ಅಲ್ಲಿಂದ ಸಿಂಗಾಪುರ, ಸಿಂಗಾಪುರದಿಂದ ಫಿಜಿಯ ನಾಡಿ ಅನ್ನುವ ಊರಿಗೆ ನೇರ ವಿಮಾನ ಇದೆ, ಹತ್ತು ಗಂಟೆ ಹತ್ತಿರ ಕೂತಿರಬೇಕು. ತುವಾಲು ವಿಮಾನ ಹಿಡಿಯಲು ನಾಡಿಯಿಂದ ದ್ವೀಪದ ಆಚೆ ಬದಿಯ ಸುವಾಗೆ ಹೋಗಿ. ಚಿಕ್ಕ ವಿಮಾನದಲ್ಲಿ ಅರ್ಧ ಗಂಟೆ, ಬಸ್ಸಿನಲ್ಲಿ ನಾಲ್ಕು ಗಂಟೆ ದಾಟುತ್ತದೆ. ಸುವಾದ ನೌಸೋರಿ ನಿಲ್ದಾಣದಿಂದ ತುವಾಲು ರಾಜಧಾನಿ ಫುನಾಫುಟಿಗೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಸಣ್ಣ ವಿಮಾನ, ಅದೂ ವಾರಕ್ಕೆ ಕೆಲವೇ ದಿನ. ಬೆಂಗಳೂರಿನಿಂದ ನಾಡಿವರೆಗೆ ಒಂದೇ ಟಿಕೆಟ್ ಮಾಡಿ. ಬೇರೆ ಬೇರೆ ಟಿಕೆಟ್ ಆದರೆ ಸಿಂಗಾಪುರದಲ್ಲಿ ಹೊರಗೆ ಬಂದು ಬ್ಯಾಗ್ ತೆಗೆದುಕೊಳ್ಳಬೇಕಾದೀತು, ಅದಕ್ಕೆ ಅಲ್ಲಿನ ವೀಸಾ ಬೇಕು. ಕಡಿಮೆ ದರ ಅಂತ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೇಲಿಂದ ಹೋಗುವ ಟಿಕೆಟ್ ಕಂಡರೆ ಆಸೆ ಪಡಬೇಡಿ. ಸುಮ್ನೆ ವಿಮಾನ ಬದಲಿಸಲಿಕ್ಕೂ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ಕೇಳುತ್ತಾರೆ.

ಫಿಜಿಗೆ ಭಾರತೀಯರು ಮೊದಲೇ ವೀಸಾ ಮಾಡಿಸಬೇಕಾಗಿಲ್ಲ. ತುವಾಲು ಇಳಿದ ಮೇಲೆ ಒಂದು ತಿಂಗಳಿಗೆ ಕೊಡುತ್ತದೆ. ವಾಪಸ್ ಟಿಕೆಟ್, ಉಳಿಯುವ ಜಾಗದ ಕಾಗದ, ಕೈಯಲ್ಲಿ ದುಡ್ಡಿದೆ ಅನ್ನುವುದಕ್ಕೆ ಏನಾದರೂ ದಾಖಲೆ, ಮೂರನ್ನೂ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಫೋನಲ್ಲಿದೆ ಅಂತ ಹೇಳಿ ಚಾರ್ಜ್ ಇಲ್ಲದೆ ಕೌಂಟರ್ ಮುಂದೆ ನಿಲ್ಲುವುದು ಬೇಡ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಈಗ ರಜೆ ವಿಷಯ. ಫುನಾಫುಟಿಯಿಂದ ಸುವಾಗೆ ಬಂದ ದಿನವೇ, ಅಥವಾ ಮರುದಿನವೇ, ಸಿಂಗಾಪುರದ ವಿಮಾನ ಇಟ್ಟುಕೊಳ್ಳಬೇಡಿ. ಮಳೆ ಜೋರಾಯಿತು, ಯಂತ್ರದಲ್ಲಿ ಏನೋ ಆಯಿತು ಅಂದರೆ ಮುಂದಿನ ವಿಮಾನಕ್ಕೆ ಕಾಯಬೇಕು. ಕನಿಷ್ಠ ಎರಡು ದಿನ ಫಿಜಿಯಲ್ಲಿ ಖಾಲಿ ಬಿಡಿ. ಅದು ವ್ಯರ್ಥ ಅಲ್ಲ. 1879ರಿಂದ 1916ರವರೆಗೆ ಬ್ರಿಟಿಷರು ಕಬ್ಬಿನ ಗದ್ದೆಗೆ ಕರೆದುಕೊಂಡು ಹೋದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ರೊಟ್ಟಿ, ದಾಲ್, ಉಪ್ಪಿನಕಾಯಿ ಎಲ್ಲ ಸಿಗುತ್ತದೆ, ಹರುಕು ಮುರುಕು ಹಿಂದಿಯಲ್ಲೂ ಕೆಲಸ ಆಗುತ್ತದೆ.

ದುಡ್ಡಿನ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ತುವಾಲುನಲ್ಲಿ ನಡೆಯುವುದು ಆಸ್ಟ್ರೇಲಿಯನ್ ಡಾಲರ್, ಜೊತೆಗೆ ಅವರದೇ ನಾಣ್ಯಗಳೂ ಇವೆ. ದೇಶಕ್ಕೆ ಮೊದಲ ಎಟಿಎಂ ಬಂದದ್ದೇ 2025ರ ಏಪ್ರಿಲ್‌ನಲ್ಲಿ! ಅದು ಇದೆ ಅಂತ ನಿಮ್ಮ ಕಾರ್ಡ್ ನಂಬಿ ಹೋಗಬೇಡಿ. ಇಲ್ಲಿ ಬೊಂಡ ಕುಡಿದರೂ ಕ್ಯೂಆರ್ ಕೋಡ್ ಹುಡುಕುವ ಕೈ ನಮ್ಮದು, ಅಲ್ಲಿ ಆ ಅಭ್ಯಾಸ ಮರೆಯಬೇಕು. ಉಳಿಯುವುದು, ತಿನ್ನುವುದು, ಬೈಕ್ ಬಾಡಿಗೆ, ದೋಣಿ, ಇಷ್ಟಕ್ಕೂ ಸಾಕಾಗುವಷ್ಟು ನೋಟು ಕೈಯಲ್ಲೇ ಇರಲಿ, ಮೇಲೆ ವಿಮಾನ ತಪ್ಪಿದರೆ ಅಂತ ಮೂರ್ನಾಲ್ಕು ದಿನದ್ದು ಬೇರೆ. ಮಂಗಳೂರಿನ ಫಾರೆಕ್ಸ್ ಅಂಗಡಿಗೆ ಹೊರಡುವ ಹಿಂದಿನ ದಿನ ಓಡಬೇಡಿ. ಒಂದು ವಾರ ಮೊದಲೇ ಹೇಳಿ, ಐದು, ಹತ್ತು, ಇಪ್ಪತ್ತರ ನೋಟೇ ಬೇಕು ಅಂತ ಕೇಳಿ. ನೂರರದ್ದೇ ಕೊಟ್ಟು ಕಳಿಸಿದರೆ ಅಲ್ಲಿ ಸಣ್ಣ ಅಂಗಡಿಯಲ್ಲಿ ಚಿಲ್ಲರೆ ಸಿಗುವುದು ಕಷ್ಟ.

ಇನ್ನು ನಮ್ಮವರ ದೊಡ್ಡ ಚಿಂತೆ, ಊಟ. ಮೀನು ತಿನ್ನುವವರಿಗೆ ತೊಂದರೆ ಏನಿಲ್ಲ, ಬೇಕಾದಷ್ಟು ಟ್ಯೂನಾ ಇದೆ. ಸಸ್ಯಾಹಾರಿಗಳು ಸ್ವಲ್ಪ ಯೋಚನೆ ಮಾಡಿ. ತೆಂಗಿನಕಾಯಿ, ಬಾಳೆ, ನಮ್ಮ ಜೀಗುಜ್ಜೆ, ಅಂದರೆ ದಿವಿಹಲಸು, ಎಲ್ಲ ಅಲ್ಲೂ ಬೆಳೆಯುತ್ತದೆ (ಅದರ ಪೋಡಿ, ಅಂದರೆ ಬಜ್ಜಿ, ಮಾತ್ರ ಕೇಳಬೇಡಿ). ಪುಲಾಕಾ ಅಂತ ಕೆಸುವಿನ ಜಾತಿಯ ದೊಡ್ಡ ಗೆಡ್ಡೆ ಇದೆ. ಹವಳದ ನೆಲದಲ್ಲಿ ಗುಂಡಿ ತೋಡಿ, ಕೆಳಗಿನ ಸಿಹಿನೀರು ಸಿಗುವವರೆಗೆ ಇಳಿದು, ಎಲೆ ಗೊಬ್ಬರ ಹಾಕಿ ಬೆಳೆಸುತ್ತಾರೆ. ಸಮುದ್ರದ ಉಪ್ಪು ನೀರು ಈ ಗುಂಡಿಗಳಿಗೆ ನುಗ್ಗುತ್ತಿರುವುದೇ ಅವರಿಗೀಗ ದೊಡ್ಡ ತಲೆನೋವು. ತೆಂಗಿನ ಮರದಿಂದ ಇಳಿಸಿದ ಸಿಹಿ ಕಳ್ಳಿಗೆ ಅಲ್ಲಿ ಕಲೆವೆ ಅಂತಾರೆ, ಬೆಳಿಗ್ಗೆ ತಾಜಾ ಸಿಕ್ಕರೆ ಬಿಡಬೇಡಿ. ತರಕಾರಿಗೆ ತೈವಾನಿನವರು ನಡೆಸುವ ಒಂದು ತೋಟ ಇದೆ. ಅಕ್ಕಿ, ಹಿಟ್ಟು, ಡಬ್ಬಿ ಸಾಮಾನು ಎಲ್ಲ ಹಡಗಿನಲ್ಲೇ ಬರಬೇಕು, ಹಡಗು ತಡವಾದರೆ ಅಂಗಡಿಯ ಶೆಲ್ಫ್ ಬೋಳು.

ಹಾಗಂತ ಮನೆಯಿಂದ ಕುಚ್ಚಲಕ್ಕಿ, ತುಪ್ಪ, ಅಮ್ಮ ಹಾಕಿದ ಮಾವಿನ ಮಿಡಿ ಕಟ್ಟಿಕೊಂಡು ಹೊರಡಬೇಡಿ. ಫಿಜಿಯಲ್ಲಿ ಆಹಾರ ಪದಾರ್ಥದ ತಪಾಸಣೆ ಬಿಗಿ. ಏನೇ ಇದ್ದರೂ ಫಾರ್ಮಿನಲ್ಲಿ ಬರೆದು ತೋರಿಸಿ, ಮುಚ್ಚಿಟ್ಟರೆ ದಂಡ. ಸುವಾದ ಅಂಗಡಿಯಲ್ಲಿ ಸೀಲ್ ಇರುವ ಪ್ಯಾಕೆಟ್ ತಗೊಂಡು ಹೋಗುವುದೇ ಸುಲಭ, ತೂಕ ಮಾತ್ರ ನೋಡಿಕೊಳ್ಳಿ.

ಫುನಾಫುಟಿಯಲ್ಲಿ ಇಳಿದ ಮೇಲೆ ಟ್ಯಾಕ್ಸಿ ಹುಡುಕುವ ಅಗತ್ಯ ಅಷ್ಟಿಲ್ಲ. ಹೋಟೆಲ್, ಬ್ಯಾಂಕ್, ಸರ್ಕಾರಿ ಕಚೇರಿ ಎಲ್ಲ ರನ್‌ವೇ ಪಕ್ಕದಲ್ಲೇ. ಜನ ಇರುವ ಫೊಂಗಫಾಲೆ ದ್ವೀಪ ಹನ್ನೆರಡು ಕಿಲೋಮೀಟರ್ ಉದ್ದ, ಅಗಲ ಹೆಚ್ಚೆಂದರೆ ನಾನೂರು ಮೀಟರ್, ಕೆಲವು ಕಡೆ ಒಂದು ಬದಿ ಮಹಾಸಾಗರ, ಇನ್ನೊಂದು ಬದಿ ಲಗೂನ್ (ದಿಬ್ಬಗಳು ಸುತ್ತುವರಿದ ಒಳಗಡಲು), ನಡುವೆ ರಸ್ತೆ ಮಾತ್ರ. ಮರವಂತೆ ನೋಡಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತದೆ. ಒಂದು ಬೈಕ್ ಬಾಡಿಗೆಗೆ ತಗೊಳ್ಳಿ, ಎಡಬದಿ ಓಡಿಸುವುದೇ, ನಮಗೆ ಹೊಸತಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಮಾಡಿದ ಆ ರನ್‌ವೇಗೆ ಸಂಜೆ ಐದರ ಮೇಲೆ ತಪ್ಪದೆ ಹೋಗಿ. ವಾಲಿಬಾಲ್ ನೆಟ್ ಕಟ್ಟಿರುತ್ತಾರೆ, ಆಚೆ ರಗ್ಬಿ, ಈಚೆ ಚಿಕ್ಕ ಮಕ್ಕಳ ಸೈಕಲ್, ಮಧ್ಯದಲ್ಲೇ ಬೈಕ್ ಅಡ್ಡ ಹಾದು ಹೋಗುತ್ತದೆ. ವಿಮಾನ ಬರುವ ಮೊದಲು ಸೈರನ್ ಕೂಗುತ್ತದೆ, ಆಗ ಎಲ್ಲರೂ ಬದಿಗೆ. ಸೈರನ್ ಕೇಳಿದ ಮೇಲೂ ಸೆಲ್ಫಿ ತೆಗೆಯುತ್ತಾ ನಿಲ್ಲಬೇಡಿ ಮಾರಾಯ್ರೆ.

ಲಗೂನಿನ ಪಶ್ಚಿಮಕ್ಕೆ 1996ರಲ್ಲಿ ಮಾಡಿದ ಸಂರಕ್ಷಿತ ಪ್ರದೇಶ ಇದೆ, 33 ಚದರ ಕಿಲೋಮೀಟರ್. ಜನ ಇಲ್ಲದ ಆರು ದಿಬ್ಬಗಳು, ಹವಳ, ಆಮೆ, ಹಕ್ಕಿ. ದೋಣಿಗೆ ಕೌಪುಲೆ, ಅಂದರೆ ಅವರ ಪಂಚಾಯಿತಿ ಕಚೇರಿಯಲ್ಲಿ ಬಂದ ದಿನವೇ ಮಾತಾಡಿ, ನಾಲ್ಕು ಜನ ಸೇರಿದರೆ ಖರ್ಚು ಹಂಚಿಹೋಗುತ್ತದೆ. ನೀರಿಗೆ ಇಳಿಯುವಾಗ ರಬ್ಬರ್ ಚಪ್ಪಲಿ ಸಾಲದು, ಕಾಲು ಮುಚ್ಚುವ ಶೂ ಬೇಕು. ಹವಳ ಗೀರಿದ ಗಾಯ ಬೇಗ ಕೀವು ಕಟ್ಟುತ್ತದೆ. ಹೊರಗಿನ ದ್ವೀಪಗಳಿಗೆ ಹಡಗಿನಲ್ಲಿ ಹೋಗುವ ಆಸೆ ಇದ್ದರೆ, ಆಫೀಸಿಗೆ ವಾಪಸ್ ಬರಬೇಕಾದ ತಾರೀಕು ಇಲ್ಲದವರು ಮಾತ್ರ ಹೋಗಿ.

ಆರೋಗ್ಯಕ್ಕೆ: ನದಿ, ಕೆರೆ ಇಲ್ಲ, ಕುಡಿಯುವುದು ಟ್ಯಾಂಕಿನಲ್ಲಿ ಹಿಡಿದ ಮಳೆನೀರು. ಕುದಿಸಿ ಕುಡಿಯಿರಿ. ಸ್ನಾನಕ್ಕೂ ಬಕೆಟ್ ಲೆಕ್ಕ ಇರಲಿ. ಡೆಂಗಿ ಇದೆ, ಸೊಳ್ಳೆ ಮುಲಾಮು ಮರೆಯಬೇಡಿ. ಇಡೀ ದೇಶಕ್ಕೆ ಇರುವುದು ಒಂದೇ ಆಸ್ಪತ್ರೆ, ದೊಡ್ಡ ಕಾಯಿಲೆ ಬಂದರೆ ಫಿಜಿಗೆ ಸಾಗಿಸಬೇಕು. ಆ ಖರ್ಚು ಕೊಡುವ ಇನ್ಶೂರೆನ್ಸ್ ಇಲ್ಲದೆ ಹೊರಡಲೇಬೇಡಿ. ಮೇ ತಿಂಗಳಿಂದ ಅಕ್ಟೋಬರ್ ಒಳ್ಳೆಯ ಕಾಲ. ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ಕಾಲ. ಫೆಬ್ರವರಿ, ಮಾರ್ಚ್‌ನಲ್ಲಿ ದೊಡ್ಡ ಉಬ್ಬರ ಬಂದಾಗ ನೀರು ದಡದಿಂದ ಬರುವುದಷ್ಟೇ ಅಲ್ಲ, ಹವಳದ ನೆಲದ ತೂತುಗಳಿಂದ ಅಂಗಳದಲ್ಲೇ ಗುಳುಗುಳು ಅಂತ ಮೇಲೆಯೂ ಬರುತ್ತದೆ.

ಅದಕ್ಕೇ ಒಂದು ಮಾತು. "ನಿಮ್ಮ ದೇಶ ಯಾವಾಗ ಮುಳುಗುತ್ತೆ?" ಅಂತ ಅಲ್ಲಿಯವರನ್ನು ಕೇಳಬೇಡಿ. ಉಳ್ಳಾಲದಲ್ಲಿ ಕಡಲು ಮನೆ ತಿಂದುಕೊಂಡು ಹೋದಾಗ ಕ್ಯಾಮೆರಾ ಹಿಡಿದು ಬಂದವರನ್ನು ಕಂಡು ನಮಗೆ ಹೇಗಾಗಿತ್ತು? ಎರಡು ದೇಶಗಳ ನಡುವಿನ ಒಪ್ಪಂದದ ಪ್ರಕಾರ ಆಸ್ಟ್ರೇಲಿಯಾ ವರ್ಷಕ್ಕೆ 280 ತುವಾಲು ಜನರಿಗೆ ನೆಲೆಸಲು ಅವಕಾಶ ಕೊಡುತ್ತಿದೆ, ಅರ್ಜಿ ಹಾಕಿದವರು ಪ್ರತಿ ಓಣಿಯಲ್ಲೂ ಇರಬಹುದು. ಅವರಾಗಿ ಹೇಳಿದರೆ ಕೇಳಿ. ಭಾನುವಾರ ಚರ್ಚ್ ದಿನ, ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಸಾಮಾನು ತಂದಿಡಿ. ಈಜುವ ಬಟ್ಟೆಯಲ್ಲಿ ರಸ್ತೆಗೆ ಬರಬೇಡಿ, ಮೇಲೊಂದು ಲುಂಗಿ ಸುತ್ತಿಕೊಳ್ಳಿ, ಅಲ್ಲಿ ಗಂಡಸರು ಹೆಂಗಸರು ಇಬ್ಬರೂ ಉಡುತ್ತಾರೆ.

ಹೊರಡುವ ಹಿಂದಿನ ದಿನ ವಿಮಾನದ ಕಚೇರಿಗೆ ಹೋಗಿ ನಿಮ್ಮ ಸೀಟು ಇದೆಯಾ ಅಂತ ಖುದ್ದು ಕೇಳಿ. ಉಳಿದ ತುವಾಲು ನಾಣ್ಯ ಹೊರಗೆ ಎಲ್ಲೂ ನಡೆಯುವುದಿಲ್ಲ, ಅಂಚೆಚೀಟಿ ಮಾರುವ ಕಚೇರಿ ಅಲ್ಲೇ ಇದೆ, ಅಲ್ಲಿ ಖರ್ಚು ಮಾಡಿ.